ಗಂಡಸರ ಬೀರು ಸೊನ್ನೆಯಿಂದ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವರ್ಷ ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹಾಸನದಿಂದ ಒಂದೇ ಬ್ಯಾಗು ಹಿಡಿದುಕೊಂಡು ಬಂದ. ಅದರ ತುಂಬ ಕಾಲೇಜಿನ ಟೀ ಶರ್ಟುಗಳು. "ಮಾವ, ಸೋಮವಾರ ಹಾಕಿಕೊಂಡು ಹೋಗೋಕೆ ಒಂದೂ ಇಲ್ಲ" ಅಂದ. ನಾನು 18 ವರ್ಷ ಬಟ್ಟೆ ಅಂಗಡಿಯಲ್ಲಿ ಗಂಡಸರ ಕೌಂಟರಿನಲ್ಲಿ ನಿಂತವನು. ಅವನು ಆ ವಾರ ಕೇಳಿದ ಪ್ರಶ್ನೆಗಳನ್ನೇ ಗಿರಾಕಿಗಳೂ ಅಷ್ಟು ವರ್ಷ ಕೇಳಿದ್ದಾರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಿಂದ ಶುರು ಮಾಡಬೇಕು?

ಮೊದಲು ನಿಮ್ಮ ವಾರ ಹೇಗಿರುತ್ತದೆ ನೋಡಿ. ಆಫೀಸು ಎಷ್ಟು ದಿನ, ಮನೆಯಿಂದ ಕೆಲಸ ಎಷ್ಟು ದಿನ, ಬೈಕಿನಲ್ಲಿ ಓಡಾಟವಾ, ಮೆಟ್ರೋದಲ್ಲಾ, ತಿಂಗಳಿಗೆ ಎಷ್ಟು ಮದುವೆ, ಗೃಹಪ್ರವೇಶ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಾರಕ್ಕೆ 5 ದಿನ ಆಫೀಸಿಗೆ ಹೋಗುವವರು ದುಡ್ಡೆಲ್ಲ ಪಾರ್ಟಿ ಶರ್ಟಿಗೆ ಸುರಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಬೀರು ಖಾಲಿ ಮಾಡಿ, ಇರುವುದನ್ನೆಲ್ಲ ಮಂಚದ ಮೇಲೆ ಹಾಕಿ. ಈಗಲೂ ಹಾಕುವಂಥದ್ದು ಒಂದು ಕಡೆ. ಟೈಲರ್ ಹತ್ತಿರ ಸರಿಯಾಗುವಂಥದ್ದು ಇನ್ನೊಂದು ಕಡೆ. ಒಂದು ವರ್ಷದಿಂದ ಕೈ ಹಾಕದೇ ಇರುವುದು ಮತ್ತೊಂದು ಕಡೆ. ಎರಡನೇ ಗುಡ್ಡೆ ಅಂದುಕೊಂಡದ್ದಕ್ಕಿಂತ ದೊಡ್ಡದಿರುತ್ತದೆ. ನಮ್ಮ ಹುಡುಗನ ಬ್ಯಾಗಿನಲ್ಲೇ ಒಂದು ಒಳ್ಳೆಯ ಕಾಟನ್ ಪ್ಯಾಂಟ್ ಇತ್ತು, ಸೊಂಟ ಒಂದೂವರೆ ಇಂಚು ಸಡಿಲ ಅಂತ ಹಾಕುತ್ತಿರಲಿಲ್ಲ. ಹಿಡಿಸೋಕೆ ಬರೀ 100 ರೂಪಾಯಿ ಆಯಿತು.

ಕನಿಷ್ಠ ಏನೇನು ಬೇಕು?

ನಾವು ಮಾಡಿದ ಪಟ್ಟಿ ಇದು: ನಾಲ್ಕು ಶರ್ಟು, ಎರಡು ಪ್ಯಾಂಟು, ಒಂದು ಜೀನ್ಸ್, ಎರಡು ಸಾದಾ ಟೀ ಶರ್ಟು, ಒಂದು ಜುಬ್ಬ, ಒಂದು ಪಂಚೆ, ಒಂದು ಜೊತೆ ಶೂ, ಒಂದು ಜೊತೆ ಚರ್ಮದ ಚಪ್ಪಲಿ, ಒಂದು ಬೆಲ್ಟು. ಬನಿಯನ್, ಚಡ್ಡಿ, ಸಾಕ್ಸ್ ಬೇರೆ.

ಇಷ್ಟೇನಾ ಅಂತ ಅವನಿಗೂ ಅನ್ನಿಸಿತು. ಲೆಕ್ಕ ಹಾಕಿ ನೋಡಿ. ನಾಲ್ಕು ಶರ್ಟಿನಲ್ಲಿ ಯಾವುದನ್ನು ಎತ್ತಿಕೊಂಡರೂ ಎರಡು ಪ್ಯಾಂಟಿಗೂ ಜೀನ್ಸಿಗೂ ಹೊಂದಬೇಕು. ಹೊಂದಿದರೆ 12 ಜೋಡಿ ಆಯಿತು, ಎರಡು ವಾರ ಒಂದೇ ಥರ ಕಾಣಿಸುವುದಿಲ್ಲ. ಒಂದು ಶರ್ಟು ಒಂದೇ ಪ್ಯಾಂಟಿಗೆ ಮಾತ್ರ ಒಪ್ಪುತ್ತದೆ ಅಂದರೆ ಆ ಶರ್ಟು ಈಗ ಬೇಡ.

ಯಾವ ಬಣ್ಣ?

ಶರ್ಟಿಗೆ ಬಿಳಿ, ತಿಳಿ ನೀಲಿ, ಸಣ್ಣ ಗೆರೆಯದ್ದೊಂದು, ಆಲಿವ್ ಅಥವಾ ಮೆರೂನ್ ಥರದ ಗಾಢ ಬಣ್ಣದ್ದೊಂದು. ಪ್ಯಾಂಟಿಗೆ ನೇವಿ ಬ್ಲೂ, ಬೂದು. ಕಪ್ಪು ಪ್ಯಾಂಟನ್ನು ಎಲ್ಲರೂ ಮೊದಲು ಕೇಳುತ್ತಾರೆ, ಆದರೆ ಕಪ್ಪು ಕಾಟನ್ ಬೇಗ ಮಾಸುತ್ತದೆ, ಧೂಳೂ ಎದ್ದು ಕಾಣುತ್ತದೆ. ನೇವಿ ಎರಡು ವರ್ಷ ಆದರೂ ಮರ್ಯಾದೆಯಾಗಿ ಇರುತ್ತದೆ.

"ನಾನು ಕಪ್ಪಗಿದ್ದೀನಿ, ನನಗೆ ಬಣ್ಣ ಒಪ್ಪಲ್ಲ" ಅಂತ ಸಂಕೋಚದಿಂದ ಹೇಳುವ ಹುಡುಗರನ್ನು ಕೌಂಟರಿನಲ್ಲಿ ನೋಡಿ ಬೇಜಾರಾಗುತ್ತಿತ್ತು. ಅದು ತಪ್ಪು. ಅಚ್ಚ ಬಿಳಿ, ಅರಿಶಿನ ಹಳದಿ, ಇಟ್ಟಿಗೆ ಕೆಂಪು, ಗಾಢ ಹಸಿರು ಇವೆಲ್ಲ ನಮ್ಮ ಮೈಬಣ್ಣದ ಮೇಲೆ ಎಷ್ಟು ಚೆನ್ನಾಗಿ ಕೂರುತ್ತವೆ! ಬಟ್ಟೆಯ ತುದಿಯನ್ನು ಗಲ್ಲದ ಕೆಳಗೆ ಹಿಡಿದು, ಅಂಗಡಿ ಬಾಗಿಲ ಹತ್ತಿರ ಬಿಸಿಲ ಬೆಳಕಿನಲ್ಲಿ ಕನ್ನಡಿ ನೋಡಿ. ಒಳಗಿನ ಟ್ಯೂಬ್‌ಲೈಟ್ ನಂಬಬೇಡಿ.

ಫಿಟ್ಟಿಂಗ್ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಇದೊಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. 3,000 ರೂಪಾಯಿಯ ಬ್ರ್ಯಾಂಡ್ ಶರ್ಟು ಭುಜದಿಂದ ಇಳಿಬಿದ್ದರೆ ಎರವಲು ತಂದ ಹಾಗೆ ಕಾಣುತ್ತದೆ. 900 ರೂಪಾಯಿಯದ್ದು ಅಳತೆಗೆ ಸರಿಯಾಗಿ ಕೂತರೆ ನೋಡಿದವರು ಎಲ್ಲಿ ತಗೊಂಡೆ ಅಂತ ಕೇಳುತ್ತಾರೆ.

ಭುಜ ಮೊದಲು. ತೋಳು ಸೇರುವ ಹೊಲಿಗೆ ಭುಜದ ಮೂಳೆ ಮುಗಿಯುವ ಜಾಗದಲ್ಲೇ ಇರಬೇಕು. ಭುಜ ಒಂದು ತಪ್ಪಿದರೆ ಶರ್ಟು ವಾಪಸ್ ಇಟ್ಟುಬಿಡಿ, ಅದನ್ನು ಸರಿ ಮಾಡುವುದು ಟೈಲರಿಗೂ ಕಷ್ಟ. ಮೈ ಸಡಿಲ ಇದ್ದರೆ ಹಿಡಿಸಬಹುದು, ತೋಳು ಉದ್ದ ಇದ್ದರೆ ಕಡಿಮೆ ಮಾಡಿಸಬಹುದು.

ಕಾಲರ್ ಗುಂಡಿ ಹಾಕಿ ಒಳಗೆ ಎರಡು ಬೆರಳು ತೂರಿಸಿ. ಆರಾಮಾಗಿ ಹೋದರೆ ಸರಿ. ಕಫ್ ಮಣಿಕಟ್ಟಿನ ಮೂಳೆ ದಾಟಿ ಹೆಬ್ಬೆರಳಿನ ಬುಡದ ಹತ್ತಿರ ನಿಲ್ಲಬೇಕು. ಎರಡೂ ಕೈ ಮುಂದೆ ಚಾಚಿ, ಬೈಕ್ ಹ್ಯಾಂಡಲ್ ಹಿಡಿದ ಹಾಗೆ. ಬೆನ್ನು ಹಿಡಿಯುತ್ತದೆಯಾ? ಕುರ್ಚಿಯಲ್ಲಿ ಕೂತುಕೊಳ್ಳಿ. ಹೊಟ್ಟೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟರೆ ಒಂದು ಸೈಜು ದೊಡ್ಡದು ಕೇಳಿ. ಹೊರಗೆ ಬಿಟ್ಟು ಹಾಕುವ ಶರ್ಟು ಪ್ಯಾಂಟಿನ ಜಿಪ್ ಅರ್ಧ ಮುಚ್ಚುವಷ್ಟಿದ್ದರೆ ಸಾಕು. ಅದಕ್ಕಿಂತ ಉದ್ದವಾದರೆ ಕಾಲು ಗಿಡ್ಡ ಕಾಣುತ್ತದೆ.

ಪ್ಯಾಂಟಿಗೆ ಸೀಟು ಮುಖ್ಯ. ಹಿಂದೆ ಬಟ್ಟೆ ಜೋತು ಬೀಳಬಾರದು, ಜೇಬಿನ ಬಾಯಿ ತೆರೆದುಕೊಂಡಿರಬಾರದು. ಜೇಬು ಬಾಯಿ ಬಿಟ್ಟರೆ ಸೊಂಟದ ಕೆಳಗೆ ಬಿಗಿ ಅಂತ ಅರ್ಥ. ಉದ್ದ ನೋಡುವಾಗ ಶೂ ಹಾಕಿಕೊಂಡೇ ನೋಡಿ. ಶೂ ಮೇಲೆ ಒಂದು ಸಣ್ಣ ಮಡಿಕೆ ಬಂದರೆ ಸರಿ, ಎರಡು ಮೂರು ಬಂದರೆ ಜಾಸ್ತಿ ಆಯಿತು.

ರೆಡಿಮೇಡ್ ತಗೊಳ್ಳಲಾ, ಹೊಲಿಸಲಾ?

ಜೀನ್ಸ್, ಟೀ ಶರ್ಟು ರೆಡಿಮೇಡ್. ಆಫೀಸಿನ ಪ್ಯಾಂಟು ಹೊಲಿಸಿ ಅಂತ ಧೈರ್ಯವಾಗಿ ಹೇಳುತ್ತೇನೆ. ಶರ್ಟು ಎರಡೂ ಥರ ನಡೆಯುತ್ತದೆ. ರೆಡಿಮೇಡ್ ಸೈಜು ನಿಮ್ಮ ಭುಜಕ್ಕೂ ಹೊಟ್ಟೆಗೂ ಒಟ್ಟಿಗೆ ಹೊಂದಿದರೆ ಅದನ್ನೇ ತಗೊಳ್ಳಿ, ಹೊಂದದಿದ್ದರೆ ಟೈಲರ್ ಹತ್ತಿರ ಹೋಗಿ.

ಬಟ್ಟೆ ಎಷ್ಟು ಬೇಕು ಅನ್ನುವುದು ಪನ್ನದ, ಅಂದರೆ ಬಟ್ಟೆಯ ಅಗಲದ ಮೇಲಿದೆ. 58 ಇಂಚು ಪನ್ನವಾದರೆ ತುಂಬು ತೋಳಿನ ಶರ್ಟಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಸಾಮಾನ್ಯ ಮೈಕಟ್ಟಿಗೆ ಸಾಕು. 36 ಇಂಚಿನ ಪನ್ನವಾದರೆ ಶರ್ಟಿಗೆ ಎರಡೂಕಾಲು ಮೀಟರ್ ಬೇಕಾಗುತ್ತದೆ. ಎತ್ತರದವರು, ದಪ್ಪಗಿರುವವರು ಟೈಲರನ್ನು ಕೇಳಿಕೊಂಡೇ ತಗೊಳ್ಳಿ. ಬೆಂಗಳೂರಿನವರು ಚಿಕ್ಕಪೇಟೆ ಕಡೆ ಒಂದು ಸುತ್ತು ಹಾಕಿದರೆ ಮೀಟರ್ ಲೆಕ್ಕದ ಬಟ್ಟೆ ಬೇಕಾದಷ್ಟು ಸಿಗುತ್ತದೆ. ಭಾನುವಾರದ ಬದಲು ವಾರದ ನಡುವೆ ಬೆಳಗ್ಗೆ ಹೋಗಿ, ಅಂಗಡಿಯವರು ಥಾನು ಬಿಚ್ಚಿ ತೋರಿಸುವಷ್ಟು ಬಿಡುವಾಗಿರುತ್ತಾರೆ.

ಕಾಟನ್, ಲಿನನ್ ಆದರೆ ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ. ಇದನ್ನು ಮಾಡದೆ ನನ್ನದೇ ಒಂದು ಲಿನನ್ ಶರ್ಟು ಎರಡನೇ ಒಗೆತಕ್ಕೆ ಹೊಕ್ಕುಳ ಮೇಲೆ ಬಂದಿತ್ತು.

ಟೈಲರ್ ಹತ್ತಿರ "ಸ್ಲಿಮ್ಮಾಗಿ ಹೊಲಿಯಿರಿ" ಅಂದರೆ ಸಾಲದು. ನಿಮಗೆ ಚೆನ್ನಾಗಿ ಕೂರುವ ಒಂದು ಹಳೆಯ ಶರ್ಟು ತಗೊಂಡು ಹೋಗಿ. ಅದನ್ನು ಟೇಬಲ್ ಮೇಲೆ ಹಾಸಿ, ಇದೇ ಭುಜ, ತೋಳು ಅರ್ಧ ಇಂಚು ಕಡಿಮೆ ಅಂತ ಬೆರಳಿಟ್ಟು ತೋರಿಸಿ. ಕಾಲರಿಗೆ ಹಾಕುವ ಬಕ್ರಂ ತೀರಾ ಗಟ್ಟಿ ಬೇಡ ಅಂತ ಹೇಳಿ. ಪ್ಯಾಂಟಿನ ಸೊಂಟದ ಹಿಂದೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಲು ಹೇಳಿ, ಮದುವೆಯಾದ ಮೇಲೆ ಬೇಕಾಗುತ್ತದೆ.

ನಮ್ಮ ಹುಡುಗನ ಮೊದಲ ಅಳತೆಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಟೈಲರಿಗೆ ಅರವತ್ತರ ಮೇಲೆ ವಯಸ್ಸು. ಕೊರಳಿನಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಹುಡುಗ ಹೊಟ್ಟೆ ಒಳಗೆಳೆದುಕೊಂಡು ಎದೆ ಉಬ್ಬಿಸಿ ನಿಂತ. ಅವರು ಅಳತೆ ತೆಗೆಯಲೇ ಇಲ್ಲ. ಸುಮ್ನೆ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದರು. ಅವನು ಮಾತಾಡುತ್ತಾ ಉಸಿರು ಬಿಟ್ಟು ಸಡಿಲವಾದ ಮೇಲೆ ಟೇಪು ಸುತ್ತಿದರು. "ಒಂದು ಭುಜ ಸ್ವಲ್ಪ ಇಳಿದಿದೆ ಕಣಪ್ಪ, ಬ್ಯಾಗು ಯಾವಾಗ್ಲೂ ಬಲಗಡೆಗೇ ಹಾಕ್ತೀಯ?" ಅಂದರು. ಹೌದು ಅಂದ. ಆ ಶರ್ಟಿನ ಬಲ ಭುಜವನ್ನು ಅವರು ಅದಕ್ಕೆ ತಕ್ಕ ಹಾಗೆ ಕತ್ತರಿಸಿದ್ದರು. ಯಾವ ಶೋರೂಮೂ ಇದನ್ನು ಮಾಡಿಕೊಡಲಾರದು. ಇಂಥ ಒಬ್ಬ ಟೈಲರ್ ಸಿಕ್ಕರೆ ಬಿಡಬೇಡಿ. ಹಬ್ಬಕ್ಕೆ ಎರಡು ವಾರ ಮುಂಚೆ ಅವಸರ ಮಾಡಬೇಡಿ, ಒಂದು ಟ್ರಯಲ್ ಖಂಡಿತ ಕೇಳಿ.

ಯಾವ ಬಟ್ಟೆ ಒಳ್ಳೆಯದು? ಕಾಟನ್ ಹೌದೋ ಅಲ್ಲವೋ ಅಂತ ಹೇಗೆ ನೋಡುವುದು?

ಎಲ್ಲಿ ಇರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಮಂಗಳೂರು, ಕಾರವಾರದ ಸೆಖೆಗೆ ತೆಳು ಕಾಟನ್ನು, ಲಿನನ್ನು ಬಿಟ್ಟರೆ ಬೇರೆ ದಾರಿ ಇಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿಗೆ ತಿಳಿ ಬಣ್ಣದ ಸಡಿಲ ಕಾಟನ್. ಬೆಂಗಳೂರು, ಮೈಸೂರಿನಲ್ಲಿ ಸ್ವಲ್ಪ ದಪ್ಪನೆಯ ಆಕ್ಸ್‌ಫರ್ಡ್ ಬಟ್ಟೆಯೂ ನಡೆಯುತ್ತದೆ. ಮಡಿಕೇರಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಮಾತ್ರ ಪಾಲಿಯೆಸ್ಟರ್ ಬೆರೆತದ್ದು ಬೇಗ ಒಣಗುತ್ತದೆ ಅಂತ ನಾನೇ ತಗೊಳ್ಳಲು ಹೇಳುತ್ತೇನೆ.

ಅಂಗಡಿಯಲ್ಲಿ 40, 60, 80 ಅಂತ ಕೌಂಟ್ ಹೇಳುತ್ತಾರೆ. ನಂಬರು ಏರಿದಷ್ಟೂ ನೂಲು ಸಣ್ಣದು, ಬಟ್ಟೆ ನಯ. ಹಾಗಂತ ದೊಡ್ಡ ನಂಬರಿಗೆ ಬೀಳಬೇಡಿ, ದಿನಾ ಹಾಕುವುದಕ್ಕೆ 40, 60 ಬಾಳಿಕೆ ಬರುತ್ತದೆ.

ಅನುಮಾನ ಇದ್ದರೆ ಬಟ್ಟೆಯ ಅಂಚಿನಿಂದ ಎರಡು ಎಳೆ ಕೇಳಿ ಮನೆಗೆ ತಂದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬಿಸಿ ಇರುವಾಗ ಮುಟ್ಟಬೇಡಿ.

ಖಾದಿಯನ್ನು ಮರೆಯಬೇಡಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, ರಾಷ್ಟ್ರಧ್ವಜ ತಯಾರಾಗುವ ಜಾಗ. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿ ಸುಮಾರಿಗೆ ರಿಯಾಯಿತಿ ಇರುತ್ತದೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ನೈಸರ್ಗಿಕ ಬಣ್ಣ ಹಾಕುತ್ತಾರೆ. ಆ ಕಂದುಗೆಂಪಿನ ಜುಬ್ಬ ಒಂದು ಬೀರುವಿನಲ್ಲಿ ಇರಲೇಬೇಕು ಅನ್ನುವುದು ನನ್ನ ಆಸೆ. ಒಗೆದಷ್ಟೂ ಮೆತ್ತಗಾಗುತ್ತದೆ.

ಜೀನ್ಸ್ ತಗೊಳ್ಳುವಾಗ ಏನು ನೋಡಬೇಕು?

ಗಾಢ ನೀಲಿ, ಹರಿದಿಲ್ಲದ್ದು, ನೇರ ಕಾಲಿನದ್ದು. ಇಂಥದ್ದನ್ನು ಎಷ್ಟೋ ಆಫೀಸಿಗೂ ಹಾಕಬಹುದು. ಜೇಬಿನ ಮೂಲೆಯ ತಾಮ್ರದ ರಿವೆಟ್ ಬರೀ ಅಂದಕ್ಕಲ್ಲ. ಗಣಿ ಕೆಲಸದಂಥ ಒರಟು ದುಡಿಮೆಯಲ್ಲಿ ಜೇಬು ಕಿತ್ತುಬರಬಾರದು ಅಂತ ಜೇಕಬ್ ಡೇವಿಸ್ ಎಂಬ ಟೈಲರ್ ಹಾಕಿದ್ದು. 1873ರಲ್ಲಿ ಅವರಿಗೂ ಲೀವೈ ಸ್ಟ್ರಾಸ್‌ಗೂ ಅಮೆರಿಕದಲ್ಲಿ ಅದರ ಪೇಟೆಂಟ್ ಸಿಕ್ಕಿತು. ನಮ್ಮಲ್ಲಿ ಜೀನ್ಸ್ ಅಂದರೆ ಬಳ್ಳಾರಿ. ಅಲ್ಲಿನ ಸಣ್ಣ ಸಣ್ಣ ಘಟಕಗಳಲ್ಲಿ ಹೊಲಿದದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಹೊಲಿಗೆ ಒಳಗಿನಿಂದ ನೋಡಿ, ಜಿಪ್ ನಾಲ್ಕು ಸಲ ಎಳೆದು ನೋಡಿ, ತಗೊಳ್ಳಿ.

ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳನ್ನು ನಂಬಬಹುದಾ?

ತಾಳ್ಮೆ ಇದ್ದರೆ ಒಳ್ಳೆಯ ಮಾಲು ಸಿಗುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊರದೇಶಕ್ಕೆ ಅಂತ ಹೊಲಿದು ಉಳಿದದ್ದು, ಸಣ್ಣ ದೋಷ ಇರುವುದು ಇಲ್ಲಿಗೆ ಬರುತ್ತದೆ. ಹಾಗಂತ ಹೇಳಿ ಬೇರೆ ಮಾಲು ಮಾರುವವರೂ ಇದ್ದಾರೆ. ಲೇಬಲ್ ನೋಡಬೇಡಿ, ಬಟ್ಟೆ ನೋಡಿ. ಪಕ್ಕದ ಹೊಲಿಗೆ ತಿರುಚಿಕೊಂಡಿದೆಯಾ, ಎರಡೂ ತೋಳು ಒಂದೇ ಉದ್ದ ಇದೆಯಾ, ಬೆಳಕಿಗೆ ಹಿಡಿದರೆ ತೂತು ಕಾಣುತ್ತದೆಯಾ. ಹೊರದೇಶದ ಸೈಜು ನಮಗಿಂತ ದೊಡ್ಡದು, ಹಾಕಿ ನೋಡದೆ ತರಬೇಡಿ.

ಪಂಚೆ, ಜುಬ್ಬ ಈಗಿನ ಕಾಲಕ್ಕೆ ಸ್ಟೈಲಾ?

ಖಂಡಿತ. ಒಳ್ಳೆಯ ಪಂಚೆ ಉಟ್ಟ ಗಂಡಸಿನಷ್ಟು ಗತ್ತಾಗಿ ನನ್ನ ಕಣ್ಣಿಗೆ ಸೂಟು ಹಾಕಿದವರೂ ಕಂಡಿಲ್ಲ.

2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡದೆ ನಿಲ್ಲಿಸಿದರು. ಜನ ಸಿಟ್ಟಾದರು, ಸರ್ಕಾರ ಆ ಮಾಲ್ ಅನ್ನು ಏಳು ದಿನ ಮುಚ್ಚಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ರುಚಿಸಲಿಲ್ಲ. ನಮ್ಮಪ್ಪ ಜೀವನಪೂರ್ತಿ ಪಂಚೆಯಲ್ಲೇ ಓಡಾಡಿದವರು.

ತಗೊಳ್ಳುವುದು ಹೇಗೆ? ಅಂಗಡಿಯಲ್ಲಿ ಮೊಳದ ಲೆಕ್ಕ. ನಾಲ್ಕು ಮೊಳದ್ದು ಒಂಟಿ ಪಂಚೆ, ಮನೆಗೆ, ದಿನಬಳಕೆಗೆ. ಎಂಟು ಮೊಳದ್ದು ಎರಡು ಮಡಿಕೆಯದ್ದು, ಸುಮಾರು 3.6 ಮೀಟರ್. ಮೈ ಕಾಣುವುದಿಲ್ಲ, ನಿಂತರೆ ಗೆರೆ ಬಿದ್ದ ಹಾಗೆ ನಿಲ್ಲುತ್ತದೆ. ಮೊದಲ ಪಂಚೆ ಅಂತ ತಗೊಳ್ಳುವವರು ಎಂಟು ಮೊಳದ್ದನ್ನೇ ತಗೊಳ್ಳಿ. ಕಚ್ಚೆ ಹಾಕುವವರಿಗೆ ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ ಜೋಡಿಯಾಗಿ ಸಿಗುತ್ತದೆ. ರೇಷ್ಮೆ ಬೇಕೆಂದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಗಳಿವೆ. ಅದರ ಮೈಸೂರಿನ ಕಾರ್ಖಾನೆ 1912ರಷ್ಟು ಹಳೆಯದು. ಅದು ಮದುವೆ ಸಮಯಕ್ಕೆ ಇರಲಿ, ಈಗಲೇ ಬೇಡ.

ಉಡುವಾಗ ಬಿಚ್ಚಿಹೋದೀತು ಅಂತ ಹೆದರಿಕೆಯಾ? ಒಳಗೆ ತೆಳು ಚಡ್ಡಿ ಹಾಕಿ, ಎರಡೂ ತುದಿ ಎಳೆದು ಬಿಗಿಯಾಗಿ ಸುತ್ತಿ, ತುದಿಯನ್ನು ಸೊಂಟದ ಪಕ್ಕಕ್ಕೆ ಸಿಕ್ಕಿಸಿ, ಮೇಲಂಚನ್ನು ಒಂದು ಸುತ್ತು ಹೊರಗೆ ಮಡಚಿ. ಮನೆಯಲ್ಲಿ ಒಂದು ವಾರ ಸಂಜೆ ಹೊತ್ತು ಉಟ್ಟು ಓಡಾಡಿ, ಮೆಟ್ಟಿಲು ಹತ್ತಿಳಿಯಿರಿ. ನಮ್ಮ ಹುಡುಗ ಹಾಗೇ ಕಲಿತು, ನವೆಂಬರ್ 1ಕ್ಕೆ ಆಫೀಸಿಗೆ ಪಂಚೆಯಲ್ಲಿ ಹೋದ. ಅವನ ಟೀಮಿನ ಇಬ್ಬರು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರಂತೆ.

ಸೂಟು ಬೇಕೇ ಬೇಕಾ?

ಮೊದಲ ವರ್ಷ ಬೇಡ. ತೀರಾ ಬೇಕಾದರೆ ಒಂದು ನೇವಿ ಬ್ಲೇಜರ್ ಸಾಕು, ಬೂದು ಪ್ಯಾಂಟಿಗೂ ಜೀನ್ಸಿಗೂ ಆಗುತ್ತದೆ. ಭುಜ ಸರಿ ಇರಲಿ. ಎರಡು ಗುಂಡಿಯದ್ದಾದರೆ ಮೇಲಿನದ್ದು ಮಾತ್ರ ಹಾಕಿ, ಕೂರುವಾಗ ಅದನ್ನೂ ಬಿಚ್ಚಿ.

ದಪ್ಪಗಿದ್ದೇನೆ. ತೆಳ್ಳಗಾದ ಮೇಲೆ ತಗೊಳ್ಳಲಾ?

ಬೇಡ. ಇವತ್ತಿನ ಮೈಗೆ ಇವತ್ತೇ ಒಳ್ಳೆಯ ಬಟ್ಟೆ ಬೇಕು. ಎರಡು ಶರ್ಟಾದರೂ ಸರಿಯಾದ ಅಳತೆಗೆ ಹೊಲಿಸಿ. ಹೊಟ್ಟೆ ಮುಚ್ಚಲು ಡೇರೆಯಂಥ ಶರ್ಟು ಹಾಕಿದರೆ ಇನ್ನೂ ದೊಡ್ಡದು ಕಾಣುತ್ತದೆ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸದೆ ಸೊಂಟದ ಮೇಲೆ ನಿಲ್ಲುವ ಹಾಗೆ ಹೊಲಿಸಿ. ಮುಂದೆ ಒಂದು ಪ್ಲೀಟ್ (ನೆರಿಗೆ) ಇದ್ದರೆ ಕೂರಲು ಆರಾಮು. ಗಿಡ್ಡ ಇರುವವರು ಶರ್ಟು, ಪ್ಯಾಂಟು ಹತ್ತಿರದ ಬಣ್ಣಗಳಲ್ಲಿ ತಗೊಂಡರೆ ಎತ್ತರ ಕಾಣುತ್ತಾರೆ.

ಶೂ, ಚಪ್ಪಲಿ, ಬೆಲ್ಟು?

ಒಂದು ಕಂದು ಚರ್ಮದ ಶೂ, ಅದೇ ಬಣ್ಣದ ಬೆಲ್ಟು. ಶೂ ಸಂಜೆ ಹೊತ್ತಿಗೆ ಕೊಳ್ಳಿ, ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಸರಿ ಅನ್ನಿಸಿದ್ದು ಸಂಜೆ ಕಚ್ಚುತ್ತದೆ.

ಚಪ್ಪಲಿಗೆ ಅಥಣಿ, ನಿಪ್ಪಾಣಿ ಕಡೆಯದ್ದು ಹುಡುಕಿ. ಕೊಲ್ಹಾಪುರಿ ಅಂದರೆ ಮಹಾರಾಷ್ಟ್ರದ್ದು ಮಾತ್ರ ಅಂದುಕೊಳ್ಳುತ್ತಾರೆ. 2019ರಲ್ಲಿ ಸಿಕ್ಕ ಜಿಐ ಮಾನ್ಯತೆ (ಇದು ಇಂಥ ಕಡೆಯದ್ದೇ ಮಾಲು ಅನ್ನುವ ಸರ್ಕಾರಿ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ಥರದ ಚಪ್ಪಲಿಯನ್ನು ಎಲ್ಲಿಯದು ಅಂತ ಹೇಳದೆ ತೋರಿಸಿ ಗಲಾಟೆಯಾಗಿತ್ತಲ್ಲ, ಆ ಅಂದ ನಮ್ಮ ಚರ್ಮಗಾರರ ಕೈಯದ್ದು. ಹೊಸದರಲ್ಲಿ ಉಜ್ಜುತ್ತದೆ. ಒಳಗಡೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ದಿನಕ್ಕೆ ಒಂದು ಗಂಟೆಯಂತೆ ಹಾಕಿ ಪಳಗಿಸಿ. ಮಳೆಯಲ್ಲಿ ಹಾಕಬೇಡಿ.

ಎಷ್ಟು ದುಡ್ಡು, ಎಷ್ಟು ಸಮಯ?

ನಮಗೆ ಮೂರು ತಿಂಗಳು, 15 ಸಾವಿರದೊಳಗೆ ಆಯಿತು. ಮೊದಲ ಸಂಬಳದಲ್ಲಿ ಎರಡು ಹೊಲಿಸಿದ ಶರ್ಟು, ಎರಡು ಪ್ಯಾಂಟು, ಶೂ, ಬೆಲ್ಟು: ಸುಮಾರು 7,800. ಎರಡನೇ ತಿಂಗಳು ಎರಡು ರೆಡಿಮೇಡ್ ಶರ್ಟು, ಜೀನ್ಸ್: 3,500. ಮೂರನೇ ತಿಂಗಳು ಟೀ ಶರ್ಟು, ಜುಬ್ಬ, ಪಂಚೆ, ಚಪ್ಪಲಿ: 3,300. ಒಂದೇ ದಿನ ಎಲ್ಲ ತಂದುಬಿಡಬೇಡಿ. ಮೊದಲು ತಂದದ್ದನ್ನು ಒಂದು ತಿಂಗಳು ಹಾಕಿದ ಮೇಲೆ ಮುಂದೆ ಏನು ಬೇಕು ಅಂತ ನಿಮಗೇ ತಿಳಿಯುತ್ತದೆ. ಆನ್‌ಲೈನ್ ಸೇಲಿನಲ್ಲಿ ಒಂದಕ್ಕೊಂದು ಫ್ರೀ ಕಂಡಾಗ ಮೊಬೈಲ್ ಕೆಳಗಿಟ್ಟು, ಮೊದಲು ಬರೆದುಕೊಂಡ ಹಾಳೆ ನೋಡಿ.

ಜಾಸ್ತಿ ದಿನ ಬಾಳಿಕೆ ಬರಲು ಏನು ಮಾಡಬೇಕು?

ಬಣ್ಣದ ಬಟ್ಟೆ ಒಳಗು ಹೊರಗು ಮಾಡಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಬಿಳಿಯದ್ದು ಬೇರೆಯೇ ನೆನೆಸಿ. ಕಾಲರ್ ಕೊಳೆಗೆ ಒರಟು ಬ್ರಷ್ ಬೇಡ, ಸೋಪು ಹಚ್ಚಿ 10 ನಿಮಿಷ ಬಿಟ್ಟು ಕೈಯಲ್ಲೇ ಉಜ್ಜಿ. ಜೀನ್ಸನ್ನು ಪ್ರತಿ ಸಲವೂ ಒಗೆಯಬೇಕಾಗಿಲ್ಲ. ಪಂಚೆಗೆ ತೆಳು ಗಂಜಿ ಹಾಕಿ, ಪೂರ್ತಿ ಒಣಗುವ ಮುಂಚೆ ಇಸ್ತ್ರಿ ಮಾಡಿ. ಮಳೆಗಾಲದಲ್ಲಿ ಬೀರುವಿನಲ್ಲಿ ಒಣಗಿದ ಬೇವಿನ ಎಲೆ ಇಡಿ, ಬಿಸಿಲು ಕಂಡ ದಿನ ಬಾಗಿಲು ತೆರೆದಿಡಿ. ಗುಂಡಿ ಹೊಲಿಯುವುದನ್ನು ಕಲಿತುಕೊಳ್ಳಿ. ಐದು ನಿಮಿಷದ ಕೆಲಸ, ಅಲ್ವಾ?

ಮೂರನೇ ಗುಡ್ಡೆಯ ಹಳೆಯ ಬಟ್ಟೆ ಏನು ಮಾಡಲಿ?

ಚೆನ್ನಾಗಿರುವುದನ್ನು ಒಗೆದು, ಇಸ್ತ್ರಿ ಮಾಡಿ, ಬೇಕಾದವರಿಗೆ ಕೊಡಿ. ಹರಿದದ್ದಕ್ಕೆ ಉತ್ತರ ಕರ್ನಾಟಕದ ದಾರಿ ಇದೆ: ಕೌದಿ. ಹಳೆಯ ಪಂಚೆ, ಶರ್ಟು, ಸೀರೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿಯುತ್ತಾರೆ. ಧಾರವಾಡದ ನನ್ನ ಗೆಳೆಯನ ತಾಯಿ ಹೊಲಿದುಕೊಟ್ಟ ಕೌದಿ ನಮ್ಮ ಮನೆಯಲ್ಲಿದೆ. ಅದರ ಮೂಲೆಯಲ್ಲಿ ನಾನು ಕೌಂಟರಿಗೆ ಸೇರಿದ ಮೊದಲ ದಿನ ಹಾಕಿದ್ದ ತಿಳಿ ನೀಲಿ ಶರ್ಟಿನ ಜೇಬು ಇದೆ. ಜೇಬನ್ನು ಅವರು ಹೊಲಿದು ಮುಚ್ಚಿಲ್ಲ, ಹಾಗೇ ಬಿಟ್ಟಿದ್ದಾರೆ. ನಮ್ಮ ಮಗಳು ಅದರಲ್ಲಿ ಬಳಪ ಇಟ್ಟುಕೊಳ್ಳುತ್ತಾಳೆ.